ಕಾವಲುಗಾರನ ಸತ್ತ ಮಕ್ಕಳು

ಕೆಲಸ ಖಾಯಂ ಆಗಬೇಕಿದ್ದ ದಿನವೇ ಲ್ಯಾಬಿನ ಕಂಪ್ಯೂಟರಿಗೆ ದೆವ್ವ ಹಿಡಿಯಿತು. ಮೂರು ವರ್ಷದಿಂದ ತಾತ್ಕಾಲಿಕನಾಗಿ ಸರ್ವರ್ ಕಾಯುತ್ತಿದ್ದ ಆಪರೇಟರು, ಸಂಜೆ ಐದಕ್ಕೆ ಸಿಗಲಿದ್ದ ಆರ್ಡರಿಗಾಗಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಹನ್ನೊಂದಕ್ಕೆ ರಕ್ತಪರೀಕ್ಷೆಯ ರಿಪೋರ್ಟು ಅಚ್ಚಾಗುವುದು ನಿಂತಿತು. ನೋಡಿದರೆ ಪರದೆಯ ತುಂಬ ಜಾಂಬಿ ಪ್ರೊಸೆಸ್‌ಗಳು, ಅಂದರೆ ಕಂಪ್ಯೂಟರಿನೊಳಗಿನ ಪುಟ್ಟ ಕೆಲಸಗಾರರ ಹೆಣಗಳು. ಕೆಲಸ ಮುಗಿದು ಸತ್ತಿದ್ದರೂ, ಇಳಿಯುವ ಊರು ಬಂದರೂ ಸೀಟು ಬಿಡದ ಪ್ರಯಾಣಿಕರಂತೆ ಪಟ್ಟಿಯಲ್ಲೇ ಕೂತಿದ್ದವು. ಹೊಸ ಕೆಲಸಕ್ಕೆ ಸೂಜಿಮೊನೆಯಷ್ಟೂ ಜಾಗವಿಲ್ಲ. ಹೊರಗೆ ರೋಗಿಗಳ ಸಾಲು ಹನುಮಂತನ ಬಾಲವಾಯಿತು.

ಆಫ್ ಮಾಡಿ ಆನ್ ಮಾಡಿ ಎಂದು ರಿಸೆಪ್ಶನ್ನಿನವಳು ಅಪ್ಪಣೆ ಕೊಟ್ಟಳು. ರಕ್ತ ತೆಗೆಯುವ ಹಿರಿಯಕ್ಕ ಸಿರಿಂಜು ಹಿಡಿದೇ ಇಣುಕಿದಳು.

"ಕೊಂದು ಹಾಕೋ ತಮ್ಮಾ, ಅದಕ್ಕೂ ಮುಹೂರ್ತ ನೋಡ್ತೀಯಾ?"

"ಸತ್ತೇ ಹೋಗಿದಾವಕ್ಕಾ. ಇನ್ನೊಂದ್ಸಲ ಹೇಗೆ ಕೊಲ್ಲಲಿ?"

"ಹಾಗಾದ್ರೆ ಹೆತ್ತೋರನ್ನ ಹಿಡಿ."

ಹಿಡಿದ. ಅಷ್ಟೂ ಹೆಣಗಳಿಗೆ ಒಬ್ಬನೇ ಅಪ್ಪ: ಸರ್ವರಿನ ಆರೋಗ್ಯ ನೋಡಲೆಂದು ಮ್ಯಾನೇಜರ ಭಾವಮೈದ ಹೋದ ವಾರ ಹಾಕಿಕೊಟ್ಟ ಹೊಸ ಟೂಲು. ಅದು ನಿಮಿಷಕ್ಕೊಂದು ಡಜನ್ ಮಕ್ಕಳನ್ನು ಹೆತ್ತು "ಎಲ್ಲಾ ಸರಿಯಿದೆಯಾ, ನೋಡ್ಕೊಂಡು ಬನ್ನಿ" ಎಂದು ಅಟ್ಟುತ್ತಿತ್ತು. ಅವು ಸುದ್ದಿ ತಂದು ಬಾಗಿಲಲ್ಲೇ ಸಾಯುತ್ತಿದ್ದವು. ಅಪ್ಪ ಸುದ್ದಿ ಕೇಳದೆ ಅವುಗಳ ಹೆಸರು ಪಟ್ಟಿಯಿಂದ ಅಳಿಯದು, ಅಪ್ಪನಿಗೋ ಕೇಳುವ ಪುರಸೊತ್ತಿಲ್ಲ. ಮುಂದಿನ ಹೆರಿಗೆಯ ಗಡಿಬಿಡಿ.

ಫೋನಿನಲ್ಲಿ ಮ್ಯಾನೇಜರು ಮೂಗಿನಿಂದ ರಾಗವಾಗಿ, "ಟೂಲ್ ಮುಟ್ಬೇಡಿ. ಅದಿರೋದ್ರಿಂದ್ಲೇ ತೊಂದ್ರೆ ಇದೆ ಅಂತ ನಿಮಗೆ ಗೊತ್ತಾಗಿದ್ದು," ಎಂದರು.

ಸಾಲಿನಲ್ಲಿದ್ದ ಮುದುಕರೊಬ್ಬರಿಗೆ ರಿಪೋರ್ಟು ಬಾರದೆ ಆಪರೇಷನ್ ಇಲ್ಲವಂತೆ. ಆಪರೇಟರು ಹಲ್ಲು ಕಚ್ಚಿ ಟೂಲನ್ನು ನಿಲ್ಲಿಸಿದ. ಹೆಣಗಳು ಮಾಯವಾದವು. ಪ್ರಿಂಟರು ಕೆಮ್ಮಿ ಕೆಲಸ ಶುರುಮಾಡಿತು. ಮುದುಕರು ಕೈಮುಗಿದರು.

ಐದಕ್ಕೆ ಮ್ಯಾನೇಜರ ಮುಖ ಅರಳಿತ್ತು. "ಬೆಳಗ್ಗೆ ಟೂಲ್ ಕಳಿಸಿದ್ದು ನಾನೂರು ಎಚ್ಚರಿಕೆ, ಮಧ್ಯಾಹ್ನದಿಂದ ಒಂದೂ ಇಲ್ಲ. ಟೂಲ್ ಎಲ್ಲಾ ತಾನೇ ಸರಿ ಮಾಡ್ಕೊಂಡಿದೆ. ಹೀಗಿರುವಾಗ ಆಳು ಯಾಕೆ ಅಂತ ಮೇಲಿನೋರು ಕೇಳಿದ್ರು. ನಾನೂ ಹೌದು ಅಂದೆ."

"ಸರ್, ಅದನ್ನ ನಾನೇ ನಿಲ್ಲಿಸಿದ್ದೆ."

ಮ್ಯಾನೇಜರು ಬಾಗಿಲು ಹಾಕಿ ಬಂದರು. ಇದು ಹೊರಬಿದ್ದರೆ ಭಾವಮೈದನ ಮಾನ ಹೋಗುತ್ತದೆ, ಈಗಲೇ ಸದ್ದಿಲ್ಲದೆ ಟೂಲನ್ನು ಮತ್ತೆ ಶುರುಮಾಡಿದರೆ ಹೇಗಾದರೂ ಹುದ್ದೆ ಉಳಿಸುತ್ತೇನೆ ಎಂದು ಪಿಸುಗುಟ್ಟಿದರು.

ಆಪರೇಟರು ಶುರುಮಾಡಿದ. ಟೂಲು ಕಣ್ಣು ಬಿಟ್ಟಿದ್ದೇ ತಡ, ಮೇಲಿನವರೆಲ್ಲರಿಗೂ ಒಂದು ಸಂದೇಶ ಹೊಡೆಯಿತು: ನಾಲ್ಕು ಗಂಟೆ ಹನ್ನೆರಡು ನಿಮಿಷ ಕಾವಲು ಇರಲಿಲ್ಲ. ನಿಲ್ಲಿಸಿದವರು, ಆಪರೇಟರ್.