ಐದು ಹಕ್ಕಿ ಕಾಲು

ಕೈಗೆ ಕೆಲಸ ಹತ್ತದವರಿಗೆ ಬೇಜಾರಾಗದಿರಲಿ ಎಂದು ದೇವರು ಸಲಹೆ ಕೊಡುವ ಬಾಯಿಯನ್ನು ಧಾರಾಳವಾಗಿ ದಯಪಾಲಿಸಿರುತ್ತಾನೆ. ಈಜು ಬಾರದವರೇ ದಡದಲ್ಲಿ ನಿಂತು "ಕಾಲು ಬಡೀರಿ, ಕಾಲು ಬಡೀರಿ" ಎಂದು ಕೂಗುವುದನ್ನು ನೀವೂ ನೋಡಿರುತ್ತೀರಿ. ನಾನು ಆ ದಡದವಳು. ನಮ್ಮ ಕೌದಿ ಬಳಗದಲ್ಲಿ ಒಂದು ಸಾಲನ್ನೂ ನೆಟ್ಟಗೆ ಹೊಲಿಯಲಾರದವಳು ನಾನೊಬ್ಬಳೇ. ಹಿರಿಯ ಸಲಹೆಗಾರ್ತಿಯೂ ನಾನೊಬ್ಬಳೇ. ನನ್ನ ಹೊಲಿಗೆ ದುರ್ಗಿಗುಡಿಯಿಂದ ಭದ್ರಾವತಿಗೆ ಹೊರಟವರು ನವುಲೆ ಸುತ್ತಿಕೊಂಡು ಹೋದ ಹಾಗೆ ಹೋಗುತ್ತದೆ, ಕೆಲವು ಸಲ ತಲುಪುವುದೇ ಇಲ್ಲ.

ಬಳಗದ ಬಗ್ಗೆ ಹೇಳಿಬಿಡುತ್ತೇನೆ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಕೌದಿ ಹೊಲಿಯುವ ಹೆಂಗಸರ ಗುಂಪು ನಮ್ಮದು. ಒಂದು ವಾರ ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಅಧ್ಯಕ್ಷೆ ಪ್ರಮೀಳಾ ಅವರ ಹಜಾರದಲ್ಲಿ, ಮರುವಾರ ಭದ್ರಾವತಿಯಲ್ಲಿ ಸೆಲ್ವಿಯ ಟೈಲರಿಂಗ್ ಅಂಗಡಿಯ ಮಹಡಿಯಲ್ಲಿ ಸೇರುತ್ತೇವೆ. ಹೊಲಿಯುವುದಕ್ಕಿಂತ ಪರಸ್ಪರ ಕೌದಿ ಮಗುಚಿ ಹಿಂಭಾಗ ನೋಡುವುದೇ ಮುಖ್ಯ ಕಾರ್ಯಕ್ರಮ. ಮುಂಭಾಗ ಯಾರು ಬೇಕಾದರೂ ಚೆನ್ನಾಗಿ ಇಡಬಹುದು, ಹೆಂಗಸಿನ ಯೋಗ್ಯತೆ ಗೊತ್ತಾಗುವುದು ಹಿಂದಿನ ಗಂಟಿನಲ್ಲಿ ಎಂಬುದು ಪ್ರಮೀಳಾ ಅವರ ಸಿದ್ಧಾಂತ. ಉಳಿದ ದಿನಗಳಲ್ಲಿ ವಾಟ್ಸಾಪಿನಲ್ಲಿ ಸಲಹೆಗಳ ಸುರಿಮಳೆ. ದಾರಕ್ಕೆ ಮೇಣದಬತ್ತಿ ಸವರಿದರೆ ಸಿಕ್ಕಾಗುವುದಿಲ್ಲ ಎಂದು ಒಬ್ಬರು ಬರೆದರೆ, ಸವರಿದ್ದಕ್ಕೇ ಸಿಕ್ಕಾಯಿತು ಎಂದು ಇನ್ನೊಬ್ಬರು. ಸೂಜಿಯನ್ನು ಸೋಪಿಗೆ ಚುಚ್ಚಿಟ್ಟರೆ ಸಲೀಸಾಗಿ ಓಡುತ್ತದೆ ಎಂದು ಒಬ್ಬರು ತಿಳಿಸಿದ ಮರುದಿನ, ಅದೇ ಸೋಪಿನಲ್ಲಿ ಅವರ ಯಜಮಾನರು ಸ್ನಾನ ಮಾಡಿದ ಸುದ್ದಿಯೂ ಬಂತು.

ನಮ್ಮ ಯಜಮಾನರು ಅಷ್ಟರಮಟ್ಟಿಗೆ ಪುಣ್ಯವಂತರು. ಅವರ ನಾಲ್ಕಾರು ಅಂಗಿಗಳು ಕಾಣೆಯಾದವು, ಅಷ್ಟೇ. ಒಂದು ಅಂಗಿಯನ್ನು ಜೇಬು ಬಿಚ್ಚದೆಯೇ ಕೌದಿಗೆ ಸೇರಿಸಿಬಿಟ್ಟಿದ್ದೆ. ಅವರು ಈಗ ಆ ಕೌದಿಯನ್ನೇ ಹೊದ್ದು, ಆ ಜೇಬಿನಲ್ಲೇ ಕನ್ನಡಕ ಇಟ್ಟುಕೊಂಡು ಮಲಗುತ್ತಾರೆ. ಬಳಗದಲ್ಲಿ ಇದನ್ನು ನನ್ನ ಹೊಸ ವಿನ್ಯಾಸವೆಂದು ಹೊಗಳಿದರು, ನಾನು ಬೇಡವೆನ್ನಲಿಲ್ಲ.

ಹೊಲಿಯಲು ಬಾರದವಳಿಗೆ ಇಷ್ಟು ಮರ್ಯಾದೆ ಹೇಗೆ ಎಂದರೆ, ನಾನು ಭದ್ರಾವತಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಬಳಗದ ಅರ್ಧ ಜನ ನನ್ನ ಶಿಷ್ಯೆಯರೇ. ಅಕಾರಕ್ಕೆ ಹಕಾರ, ಲಕಾರಕ್ಕೆ ಳಕಾರ ಬೆರೆಸುವವರನ್ನು ತಿದ್ದುತ್ತಲೇ ನನ್ನ ತಲೆ ಬೆಳ್ಳಗಾಯಿತು. ಸೆಲ್ವಿ ಏಳನೇ ತರಗತಿಯಲ್ಲಿ 'ಮರದ ಮೇಲೆ ಕುಳಿತಿದ್ದ ಅಕ್ಕಿ ಹಾರಿ ಹೋಯಿತು' ಎಂದು ಬರೆದಿದ್ದಳು. ನಾನು ಸೊನ್ನೆ ಸುತ್ತಿ, ಕೆಳಗೆ ಕೆಂಪು ಶಾಯಿಯಲ್ಲಿ 'ಅಕ್ಕಿ ಹಾರುವುದಿಲ್ಲ' ಎಂದು ಬರೆದು, ಗೆರೆ ಬೇರೆ ಎಳೆದಿದ್ದೆ. ಅವಳಿಗೆ ಅದು ಇವತ್ತಿಗೂ ನೆನಪಿದೆ. ಮಾತಿನಲ್ಲಿ ಮಾತ್ರ ಹಕಾರ ಇವತ್ತಿಗೂ ಬಂದಿಲ್ಲ.

ಹೀಗಿರುವಾಗ ಮಗಳಿಗೆ ಹೆಣ್ಣು ಮಗುವಾಯಿತು. ಬಾಣಂತನ ನಮ್ಮ ಮನೆಯಲ್ಲಿ. ಭದ್ರಾವತಿಯಲ್ಲಿ ಮೈದುನನ ಜೊತೆಗಿರುವ ನಮ್ಮ ಅತ್ತೆ, ಮರಿಮಗಳ ತೊಟ್ಟಿಲಿಗೆ ಕೌದಿಯಾಗಲಿ ಎಂದು ತಮ್ಮ ಮೆತ್ತನೆಯ ಹಳೆಯ ಸೀರೆಗಳನ್ನೆಲ್ಲ ಕಟ್ಟಿ ಕಳಿಸಿದರು. ಜೊತೆಗೊಂದು ಅಪ್ಪಣೆ: "ಸರೋಜಾ, ಕೊನೇ ಹೊಲಿಗೆ ಹಾಕೋ ಮುಂಚೆ ಹೊಟ್ಟೇಲಿ ಐದು ಅಕ್ಕಿ ಕಾಳು ಇಡೋದು ಮರೀಬೇಡ." ಕೌದಿಯನ್ನು ಅಂಚಿನಿಂದ ಸುತ್ತುತ್ತ ಒಳಗೆ ಹೊಲಿದು ಬರುವಾಗ ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದು ಖಾಲಿ ಇದ್ದರೆ ಅದರ ಮೇಲೆ ಮಲಗಿದ ಮಗುವಿನ ಹೊಟ್ಟೆಯೂ ಸದಾ ಖಾಲಿ ಎಂಬುದು ಅವರ ನಂಬಿಕೆ.

ಅತ್ತೆಯ ಅಪ್ಪಣೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನನ್ನ ಮಗಳು ಹುಟ್ಟಿದಾಗ ನಮ್ಮ ತವರಿನಿಂದ ಒಂದು ಚಂದದ ಕೌದಿ ಬಂದಿತ್ತು. ಅತ್ತೆ ಅದರ ನಡುವೆ ಬೆರಳಾಡಿಸಿ, "ಹೊಟ್ಟೆಗಿಲ್ಲದ ಕೌದಿ" ಎಂದು ತೀರ್ಪು ಕೊಟ್ಟು ಇಸ್ತ್ರಿ ಮೇಜಿಗೆ ಹಾಸಿಬಿಟ್ಟರು. ನಮ್ಮಮ್ಮ ಬಂದಾಗಲೆಲ್ಲ ಆ ಮೇಜಿನ ಕಡೆ ನೋಡದೆ ಕೂರುತ್ತಿದ್ದಳು. ಈ ಸಲ ನನ್ನ ಮೊಮ್ಮಗಳ ಕೌದಿ ಮೇಜಿಗೆ ಹೋಗಕೂಡದು, ಅತ್ತೆಯ ಬಾಯಿಂದ ಒಂದೇ ಒಂದು ಸಲ 'ಸರಿಯಾಗಿದೆ' ಎಂದು ಕೇಳಬೇಕು ಎಂಬ ಆಸೆ ನನಗೆ ಬಹಳವೇ ಇತ್ತು.

ನಾಮಕರಣದ ಹಿಂದಿನ ದಿನ ಕೌದಿ ಭದ್ರಾವತಿಯಲ್ಲಿ ಸೆಲ್ವಿಯ ಅಂಗಡಿಯಲ್ಲಿತ್ತು, ಕೊನೆಯ ಸುತ್ತು ಮಾತ್ರ ಬಾಕಿ. ನಾನು ಮನೆಯಲ್ಲಿ ಬಾಣಂತಿಗೆ ಅಂಟಿನುಂಡೆ ಕಟ್ಟುತ್ತಿದ್ದೆ. ಕೈಯೆಲ್ಲ ಬೆಲ್ಲ, ಬಾಯಲ್ಲಿ ರುಚಿ ನೋಡಲು ಹಾಕಿಕೊಂಡ ಅರ್ಧ ಉಂಡೆ. ಹಾಗಾಗಿ ಫೋನಿಗೆ ಬಾಯಲ್ಲೇ ಹೇಳಿ ಬಳಗಕ್ಕೆ ಸಂದೇಶ ಬರೆಸಿದೆ: 'ಮುಚ್ಚುವ ಮೊದಲು ಹೊಟ್ಟೆಯಲ್ಲಿ ಐದು ಅಕ್ಕಿ ಕಾಳು ಹಾಕಿ.' ಕಳಿಸಿದೆ. ಮಗು ಅತ್ತಿತು, ಎದ್ದು ಓಡಿದೆ.

ಸಂಜೆ ಸೆಲ್ವಿಗೆ ಫೋನು ಮಾಡಿ, "ನಾನು ಹೇಳಿದ್ದು ಹಾಕಿದ್ರೇನೇ?" ಎಂದು ಕೇಳಿದೆ.

"ಆಕಿದ್ವಿ ಮಿಸ್. ಅಕ್ಕಿ ಕಾಲು ಐದೂ ಆಕಿದ್ವಿ. ಕೆಂಪುದು."

ಕೆಂಪಕ್ಕಿ ಹಾಕಿದ್ದಾಳೆ, ಬಾಣಂತಿ ಮನೆಗೆ ಅದೇ ಒಳ್ಳೆಯದು ಎಂದುಕೊಂಡೆ. ಕಾಳನ್ನು ಕಾಲು ಅಂದಿದ್ದನ್ನು ಹಳೆಯ ಚಾಳಿಯಂತೆ ತಿದ್ದಲು ಬಾಯಿ ತೆರೆದವಳು, ಹೋಗಲಿ ಪಾಪ ಎಂದು ಬಿಟ್ಟೆ. ನನ್ನ ಬದುಕಿನಲ್ಲಿ ಉಚ್ಚಾರಣೆ ತಿದ್ದದೆ ಬಿಟ್ಟದ್ದು ಅದೇ ಮೊದಲ ಸಲ.

ಮರುದಿನ ಬೆಳಿಗ್ಗೆ ಅತ್ತೆ ಬಂದು ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾಗಿದ್ದರು. ಸೆಲ್ವಿ ಮತ್ತು ಪ್ರಮೀಳಾ ಕೌದಿ ತಂದರು. ಅಡುಗೆಮನೆಯಲ್ಲಿ ಬಿಡಿಸಿ ನೋಡಿದೆ. ನಡುವೆ ಕೆಂಪು ದಾರದಲ್ಲಿ ಮೂರು ಮೂರು ಬೆರಳಿನ ಐದು ಹಕ್ಕಿ ಕಾಲುಗಳು ಎದ್ದು ಕಾಣುವಂತೆ ಹೊಲಿದಿದ್ದವು. ಒತ್ತಿ ನೋಡಿದರೆ ಒಳಗೆ ಒಂದು ಕಾಳೂ ಇಲ್ಲ.

"ಇದೇನಿದು?" ಎಂದೆ.

"ನೀವೇ ಏಳಿದ್ದಲ್ವಾ ಮಿಸ್?" ಎಂದು ಸೆಲ್ವಿ ಫೋನು ಹಿಡಿದಳು. ನನ್ನ ಹೆಸರಿನಲ್ಲೇ ಇತ್ತು: 'ಮುಚ್ಚುವ ಮೊದಲು ಹೊಟ್ಟೆಯಲ್ಲಿ ಐದು ಹಕ್ಕಿ ಕಾಲು ಹಾಕಿ.' ಹಕಾರ ತಪ್ಪಬಾರದೆಂದು ಜೀವನವಿಡೀ ಉಸಿರು ಒತ್ತಿ ಮಾತಾಡಿದ್ದಕ್ಕೆ ಫೋನು ಬೇಡದಲ್ಲೂ ಒಂದು ಹಕಾರ ದಾನ ಮಾಡಿತ್ತು. ಳಕಾರವನ್ನು ಅಂಟಿನುಂಡೆ ನುಂಗಿತ್ತು.

ಅದರ ಕೆಳಗೆ ನಡೆದಿದ್ದ ಚರ್ಚೆಯನ್ನು ಓದಿ ನನಗೆ ಬೆವರಿತು. 'ಯಾವ ಹಕ್ಕಿ ಮಿಸ್? ಕೋಳಿ ಆಗುತ್ತಾ?' ಎಂದು ಒಬ್ಬಳು. 'ಒಂದು ಹಕ್ಕಿಗೆ ಎರಡೇ ಕಾಲು. ಐದು ಅಂದರೆ ಒಂದು ಕುಂಟ ಹಕ್ಕಿ ಬೇಕಾಗುತ್ತೆ' ಎಂದು ಲೆಕ್ಕದಲ್ಲಿ ಜಾಣೆಯಾಗಿದ್ದ ಇನ್ನೊಬ್ಬಳು. 'ಕೌದಿ ಸಸ್ಯಾಹಾರಿಯೋ ಮಾಂಸಾಹಾರಿಯೋ ಮೊದಲು ತೀರ್ಮಾನವಾಗಲಿ, ನಾನು ಅದನ್ನೆಲ್ಲ ಮುಟ್ಟುವವಳಲ್ಲ' ಎಂದು ಪ್ರಮೀಳಾ. ಇದು ತಪ್ಪಿರಬಹುದೇ ಎಂದು ಯಾರೋ ಅನುಮಾನಪಟ್ಟದ್ದಕ್ಕೆ ಉಳಿದವರೆಲ್ಲ ಅವಳ ಮೇಲೆ ಬಿದ್ದಿದ್ದರು: 'ಕನ್ನಡ ಮಿಸ್ ಬರೆದದ್ದು ತಪ್ಪಾಗೋಕೆ ಸಾಧ್ಯವೇ ಇಲ್ಲ.' ಕೊನೆಗೆ, ದಾರದಲ್ಲೇ ಹೊಲಿದರೆ ಯಾರ ಆಚಾರಕ್ಕೂ ಭಂಗವಿಲ್ಲ ಎಂದು ಸೆಲ್ವಿ ದಾರಿ ತೋರಿಸಿದ್ದಳು.

"ಅಕ್ಕಿ ಮಾರಾಯ್ತಿ, ಅನ್ನ ಮಾಡೋ ಅಕ್ಕಿ!" ಎಂದು ಪಿಸುಗುಟ್ಟಿದೆ. "ಬೇಗ ಬಿಚ್ಚು, ಐದು ಕಾಳು ಹಾಕಿ ಮತ್ತೆ ಹೊಲಿ."

ಸೆಲ್ವಿ ಕೌದಿಯನ್ನು ಎದೆಗೆ ಅವಚಿಕೊಂಡಳು. "ಅಯ್ಯಯ್ಯೋ ಮಿಸ್, ಮುಚ್ಚಿದ ಕೌದಿ ಬಿಚ್ಚಬಾರದು ಅಂತ ನೀವೇ ಏಳಿದ್ರಲ್ಲ. ಒಲಿದೋರ ಸೊಂಟ ಇಡ್ಕೊಳುತ್ತೆ!"

ಹೌದು, ಹೇಳಿದ್ದೆ. ನನ್ನ ಸೊಟ್ಟ ಹೊಲಿಗೆಯನ್ನು ಪ್ರಮೀಳಾ ಪದೇ ಪದೇ ಬಿಚ್ಚಿಸುತ್ತಿದ್ದರೆಂದು ನಾನೇ ಹುಟ್ಟಿಸಿದ ಶಾಸ್ತ್ರ ಅದು. ಈಗ ಪ್ರಮೀಳಾ ಅವರೇ ಸೊಂಟ ಹಿಡಿದುಕೊಂಡು, "ಬೇಡ ಮಿಸ್, ನಾನೂ ನಾಲ್ಕು ಹೊಲಿಗೆ ಹಾಕಿದೀನಿ" ಎಂದರು. ನಮ್ಮ ಯಜಮಾನರು ಬಾಗಿಲಲ್ಲಿ ಇಣುಕಿ, "ದಪ್ಪ ಸೂಜಿಯ ಇಂಜೆಕ್ಷನ್ನಲ್ಲಿ ಗಂಜಿನಾದ್ರೂ ಬಿಡಬಹುದಲ್ವಾ?" ಎಂದು ಕೇಳಿ, ನನ್ನ ಮುಖ ನೋಡಿ ಹಿಂದೆ ಸರಿದರು.

ಅಷ್ಟರಲ್ಲಿ ಹಜಾರದಿಂದ ಅತ್ತೆಯ ದನಿ: "ಸರೋಜಾ, ಕೌದಿ ಎಲ್ಲಿ?"

ಕೊಟ್ಟೆ, ಇನ್ನೇನು ಮಾಡಲಿ. ಅವರಿಗೆ ಈಗ ಕಣ್ಣು ಮಂಜು, ಆದರೆ ಬೆರಳಿಗೆ ಹತ್ತು ಕಣ್ಣು. ಮೊರದಲ್ಲಿ ಕಲ್ಲು ಹುಡುಕುವ ಹಾಗೆ ನಡುವೆ ಒತ್ತಿ ಒತ್ತಿ ನೋಡಿದರು. ಮಗಳು ಮಗುವನ್ನೆತ್ತಿಕೊಂಡು ನನ್ನ ಕಡೆಗೇ ನೋಡುತ್ತಿದ್ದಳು. ನನ್ನ ಕಣ್ಣು ಮಾತ್ರ ಮೂಲೆಯ ಇಸ್ತ್ರಿ ಮೇಜಿಗೆ ಹೋಯಿತು. ನಮ್ಮಮ್ಮ ಯಾಕೆ ಅದರ ಕಡೆ ನೋಡುತ್ತಿರಲಿಲ್ಲ ಎಂದು ಆಗ ಅರ್ಥವಾಗಿ ಅಳು ಬಂತು.

"ಅಕ್ಕಿ ಎಲ್ಲೇ?" ಎಂದರು ಅತ್ತೆ.

ಹಿಂದಿನಿಂದ ಸೆಲ್ವಿ ಮುಂದೆ ಬಂದು, ಅತ್ತೆಯ ಬೆರಳು ಹಿಡಿದು, ಆ ಕೆಂಪು ದಾರದ ಮೇಲೆ ಇಟ್ಟಳು.

"ಅಕ್ಕಿ ಆರಿ ಓಯ್ತು ಅಜ್ಜಿ. ನೋಡಿ, ಕಾಲು ಗುರುತು."

ಅತ್ತೆಯ ಬೆರಳು ಒಂದು ಕಾಲಿನ ಮೂರು ಬೆರಳುಗಳನ್ನು ಸವರಿತು. ಆಮೇಲೆ ಇನ್ನೊಂದು. ಐದನ್ನೂ ಎಣಿಸಿದರು. ಮುಖ ಬಿಗಿಯಾಗಿಯೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಬಂದು ತಿಂದು ಹೋಗಿದೆ ಕಣೇ! ಹಕ್ಕಿ ಹೊಟ್ಟೆ ತುಂಬಿಸಿದ ಕೌದಿ ಮಗೂನ ಉಪವಾಸ ಕೆಡವುತ್ತಾ? ಮಲಗಿಸ್ರೇ." ಮಗುವನ್ನು ಮಲಗಿಸಿದ ಮೇಲೆ ನನ್ನ ಕಡೆ ತಿರುಗಿ, "ಸರಿಯಾಗಿದೆ ಸರೋಜಾ" ಎಂದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಬೆವರು ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಬಳಗದಲ್ಲಿ ಈಗ ಹಕ್ಕಿ ಕಾಲಿಲ್ಲದ ತೊಟ್ಟಿಲ ಕೌದಿಯನ್ನು ಯಾರೂ ಒಪ್ಪುವುದಿಲ್ಲ. ಇದು ನಮ್ಮ ಅತ್ತೆಯ ಕಾಲದಿಂದ ಬಂದ ಪದ್ಧತಿ ಎಂದು ಪ್ರಮೀಳಾ ಹೊಸಬರಿಗೆ ಹೇಳಿಕೊಡುತ್ತಾರೆ. ಅದು ಅಂಟಿನುಂಡೆಯ ಕಾಲದಿಂದ ಬಂದದ್ದು ಎಂದು ನಾನು ಎಷ್ಟು ಹೇಳಿದರೂ ನನ್ನ ವಿನಯವನ್ನೇ ಹೊಗಳುತ್ತಾರೆ.

ಅಂದು ಊಟ ಮುಗಿಸಿ ಹೊರಡುವಾಗ ಸೆಲ್ವಿ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಮಿಸ್, ಈಗ ಏಳಿ. ಅಕ್ಕಿ ಆರುತ್ತೋ, ಇಲ್ವೋ?"

"ಹಾರುತ್ತೆ ಕಣೇ" ಎಂದೆ.

"ಅಂಗಾದ್ರೆ ನನ್ನ ಮಾರ್ಕ್ಸು?"

ಕೊಡಬೇಕಾದ್ದೇ. ಎಲ್ಲರೂ ನೋಡಲಿ ಎಂದು ಬಳಗಕ್ಕೇ ಬರೆಸೋಣವೆಂದು ಫೋನು ತೆಗೆದೆ. ಈ ಸಲ ಬಾಯಲ್ಲಿ ಉಂಡೆಯಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಮೂವತ್ತು ಮಕ್ಕಳಿಗೆ ಒಟ್ಟಿಗೆ ಕೇಳಿಸುವಂತೆ ಸ್ಪಷ್ಟವಾಗಿ ಹೇಳಿದೆ: "ಸೆಲ್ವಿ, ಹತ್ತಕ್ಕೆ ಹತ್ತು."

ಫೋನು ಬರೆಯಿತು: 'ಸೆಲ್ವಿ ಅತ್ತೆಗೆ ಅತ್ತೆ.'

ತಿದ್ದಲು ಬೆರಳೆತ್ತಿದೆ. ಇನ್ನೊಮ್ಮೆ ಓದಿಕೊಂಡೆ. ತಪ್ಪೇನೂ ಕಾಣಲಿಲ್ಲ, ಹಾಗೇ ಕಳಿಸಿದೆ.