ದೆವ್ವಕ್ಕೊಂದು ಕನ್ನಡಿ ಫಿಲ್ಮು

ಹೇಳಿದ ಸಾಮಾನನ್ನು ಹೇಳಿದ ಹಾಗೆ ಪೇಟೆಯಿಂದ ತರುವುದು ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಕೊತ್ತಂಬರಿ ಎಂದರೆ ಪುದೀನ ತರುತ್ತೇನೆ, ತೊಗರಿಬೇಳೆ ಎಂದರೆ ಕಡಲೆಬೇಳೆ. ಒಮ್ಮೆ ನಮ್ಮ ಕುಕ್ಕರಿಗೆ ಕೂಡದ ಗ್ಯಾಸ್ಕೆಟ್ ತಂದು, ಅದನ್ನು ಬದಲಿಸಲು ಹೋದವನು ಅಂಗಡಿಯವನ ಮಾತಿಗೆ ಮರುಳಾಗಿ ಆ ಗ್ಯಾಸ್ಕೆಟ್ ಕೂಡುವಂಥ ಇನ್ನೊಂದು ಕುಕ್ಕರನ್ನೇ ಹೊತ್ತು ತಂದಿದ್ದೆ. ನನ್ನ ಹೆಂಡತಿ ವನಜಾ ಇದಕ್ಕೆಲ್ಲ ಬೈಯುವುದಿಲ್ಲ. ಚೀಲದೊಳಗೆ ಒಮ್ಮೆ ಇಣುಕಿ, "ಇರ್ಲಿ ಬಿಡ್ರಿ" ಎನ್ನುತ್ತಾಳೆ. ಬೈದಿದ್ದರೇ ವಾಸಿಯಿತ್ತು. ಕಾಲೇಜಿನಲ್ಲಿ ನೂರಾರು ಹುಡುಗರಿಗೆ ಇಂಗ್ಲಿಷ್ ಕಲಿಸುವ ಮನುಷ್ಯ ಮನೆಯಲ್ಲಿ "ಇರ್ಲಿ ಬಿಡ್ರಿ" ಆಗಿ ಉಳಿಯುವುದು ಸಣ್ಣ ಸಂಕಟವಲ್ಲ. ಒಂದೇ ಒಂದು ಸಲ ಅವಳ ಬಾಯಿಂದ "ಸರಿಯಾದ್ದೇ ತಂದೀರಿ" ಎನಿಸಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಅವಕಾಶ ಹಂಪಿಯಿಂದ ಬಂತು. ವನಜಳ ತಮ್ಮ ರಾಘು ಅಲ್ಲಿ ಗೆಸ್ಟ್ ಹೌಸ್ ನಡೆಸುತ್ತಾನೆ. ಅಲ್ಲಿ ತಂಗಿದ್ದ ಹೆಲೆನ್ ಎಂಬ ಬಿಳಿಗೂದಲಿನ ವಿದೇಶಿ ಹೆಂಗಸಿಗೆ ಕುಂಬಳಕಾಯಿಗೆ ಮುಖ ಕೊರೆದು ಮನೆ ಮುಂದಿಡುವ ತಮ್ಮೂರಿನ ದೆವ್ವದ ಹಬ್ಬ ಹ್ಯಾಲೊವೀನನ್ನು ಇಲ್ಲಿಯೂ ಮಾಡುವ ಹುಕಿ ಬಂದಿತ್ತು. ಆ ಹುಕಿ ಹತ್ತಿಸಿದ್ದು ನಮ್ಮ ಹೊಸಪೇಟೆಯೇ. ಅದಿರಿನ ದುಡ್ಡಿನಲ್ಲಿ ಓಣಿ ಓಣಿಗೂ ಮೂರಂತಸ್ತಿನ ಮನೆಗಳು ಏಳುತ್ತಿದ್ದ ಕಾಲ ಅದು. ಪ್ರತಿ ಮನೆಯ ಮುಂದೂ ದೃಷ್ಟಿ ತಾಗದಿರಲೆಂದು ಕೋರೆಹಲ್ಲು, ಮೀಸೆ ಬರೆದ ಬೂದುಗುಂಬಳ ತೂಗುತ್ತಿತ್ತು. ಅದನ್ನೆಲ್ಲ ಆಟೋದಿಂದ ಕತ್ತು ಚಾಚಿ ನೋಡಿದ ಆಕೆ, ನಾವು ವರ್ಷವಿಡೀ ಹ್ಯಾಲೊವೀನ್ ಆಚರಿಸುವ ಪುಣ್ಯವಂತರೆಂದು ತೀರ್ಮಾನಿಸಿಬಿಟ್ಟಿದ್ದಳು.

ಆಕೆಯ ಯೋಜನೆ ಒಂದು ದೊಡ್ಡ ಪೆಟ್ಟಿಗೆ. ಅದರ ಗಾಜಿನೆದುರು ನಿಂತವರಿಗೆ ಮೊದಲು ತಮ್ಮದೇ ಮುಖ ಕಾಣಬೇಕು. ಪೆಟ್ಟಿಗೆಯೊಳಗಿನ ದೀಪ ಹತ್ತಿದೊಡನೆ ಅದೇ ಗಾಜಿನಲ್ಲಿ ದೆವ್ವ ಕಾಣಬೇಕು. ಗಾಜಿಗೆ ಅಂಟಿಸಲು "ಟೂ ವೇ ಮಿರರ್ ಫಿಲ್ಮ್" ಬೇಕು. ಇದನ್ನೆಲ್ಲ ರಾಘು ಫೋನಿನಲ್ಲಿ ವಿವರಿಸಿದ.

"ಇಂಗ್ಲಿಷ್ ಹೆಸರಿನ ಸಾಮಾನು ಭಾವ, ನಿಮ್ಮನ್ನ ಬಿಟ್ರ ಯಾರಿಗೆ ಹೇಳ್ಲಿ? ಮತ್ತ ಪೆಟಗಿ ಒಳಗ ಕುಂದ್ರೋ ದೆವ್ವಾನೂ ನೀವ ಆಗ್ರಿ" ಎಂದ. ನಾನು ಎರಡಕ್ಕೂ ಒಪ್ಪಿದೆ. ದೀಪದ ವಿಷಯ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು. ಇಂಗ್ಲಿಷ್ ಮೇಷ್ಟ್ರಾದ್ದರಿಂದ ನನ್ನ ಧ್ಯಾನವೆಲ್ಲ "ಟೂ ವೇ" ಎಂಬ ಪದದ ಮೇಲಿತ್ತು.

ಫಿಲ್ಮ್ ಎಂದೊಡನೆ ಫೋಟೋ ಸ್ಟುಡಿಯೋದವನು ಕ್ಯಾಮೆರಾ ರೋಲು ತೆಗೆದಿಟ್ಟ. ಕನ್ನಡಿ ಅಂಗಡಿಯವನು, ಕನ್ನಡಿ ಅನ್ನೋ ಸಿನಿಮಾ ಇನ್ನೂ ಬಂದಿಲ್ಲ ಎಂದ. ಕೊನೆಗೆ ಕಾರುಗಳಿಗೆ ಸೀಟ್ ಕವರ್ ಹಾಕುವ ಇಮಾಮ್ ಸಾಬರ ಅಂಗಡಿಗೆ ಹೋಗಿ, ಒಳಗಿದ್ದವರಿಗೆ ಹೊರಗಿನವರು ಕಾಣಬೇಕು, ಹೊರಗಿನವರಿಗೆ ಒಳಗಿದ್ದವರು ಕಾಣಬಾರದು, ಅಂಥ ಫಿಲ್ಮ್ ಬೇಕು ಎಂದೆ. ಸಾಬರು ತಟ್ಟನೆ ಎದ್ದು ನಿಂತರು. ಕುರ್ಚಿಯ ಮೇಲಿನ ಕೆಂಧೂಳು ಒರೆಸಿದರು. ಚಹಾ ತರಿಸಿದರು. ಆ ದಿನಗಳಲ್ಲಿ ನಮ್ಮೂರಿನಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡುವ ಆಸೆ ಇದ್ದದ್ದು ಗಣಿಯ ಧಣಿಗಳಿಗೆ ಮಾತ್ರ.

"ಕುಂದ್ರಿ ಸಾಹೇಬ್ರ. ನಿಮ್ಮ ಮೈನ್ಸ್ ಸಂಡೂರ ಕಡೀಗೇನ್ರಿ?"

ನಾನು ಅಲ್ಲ ಎನ್ನಲಿಲ್ಲ. ಚಹಾ ಇನ್ನೂ ಅರ್ಧ ಉಳಿದಿತ್ತು.

"ಗಾಡಿ ಯಾವ್ದ್ರಿ?"

"ಗಾಡಿಗಲ್ಲ," ಎಂದೆ. "ದೆವ್ವಕ್ಕೆ."

ಸಾಬರು ಗಡ್ಡ ನೀವಿಕೊಂಡು ಯೋಚಿಸಿದರು. "ದೆವ್ವಕ್ಕ ಫಿಲ್ಮ್ ಯಾಕ್ರಿ? ಅದು ಹಂಗೂ ಕಾಣಂಗಿಲ್ಲಲ್ರಿ."

"ಅದಿರಲಿ, ನನಗೆ ಟೂ ವೇ ಫಿಲ್ಮೇ ಬೇಕು."

"ಎರಡೂ ಕಡಿಂದ ಕಾಣಬೇಕಂದ್ರ ಸಾದಾ ಗ್ಲಾಸ್ ಸಾಕ್ರಿ. ನೀವು ಹೇಳಿದ್ದಕ್ಕ ನಾವು ಒನ್ ವೇ ಅಂತೀವಿ."

ಇಂಗ್ಲಿಷಿನ ವಿಷಯದಲ್ಲಿ ನಾನು ಸೋಲುವ ಆಸಾಮಿಯಲ್ಲ. ಆ ಪದದ ಮೇಲೆ ಒಂದು ಪೀರಿಯಡ್ಡಿನಷ್ಟು ಪಾಠ ಹೇಳಿದೆ. ಸಾಬರು ಎಲ್ಲವನ್ನೂ ಕೇಳಿ, ಮೊದಲು ತೋರಿಸಿದ್ದ ಬೆಳ್ಳಿ ಬಣ್ಣದ ಸುರುಳಿಯನ್ನೇ ಕತ್ತರಿಸಿ, "ಇದಕ್ಕ ಟೂ ವೇ ಅಂತ ಇಟ್ಕೊಳ್ರಿ, ನಂದೇನಿಲ್ಲ" ಎಂದು ಕೈಗಿತ್ತರು.

ಅವರ ಉದಾರತೆ ನನ್ನಲ್ಲಿ ಅನುಮಾನ ಹುಟ್ಟಿಸಿತು. ಇದೂ ತಪ್ಪು ಸಾಮಾನಾದರೆ ವನಜಳ ತವರಿಗೆಲ್ಲ ನನ್ನ ಬಂಡವಾಳ ಗೊತ್ತಾಗುತ್ತದೆ. ಅವಳು ಮಠಕ್ಕೆ ಹೋಗಿದ್ದಳು. ಬರುವುದರೊಳಗೆ ಪರೀಕ್ಷೆ ಮಾಡೋಣವೆಂದು ಒಂದು ತುಂಡು ಕತ್ತರಿಸಿ ಪಡಸಾಲೆಯ ಕಿಟಕಿಗೆ ಅಂಟಿಸಿದೆ. ಆಹಾ, ಎಂಥ ಸುಖ ಅದು. ಬಿಸಿಲಿನಲ್ಲಿ ಇಡೀ ಓಣಿ ನನಗೆ ಕಾಣುತ್ತಿತ್ತು, ಓಣಿಗೆ ನಾನು ಕಾಣುತ್ತಿರಲಿಲ್ಲ. ಎದುರುಮನೆಯ ರೈಸ್ ಮಿಲ್ ಯಜಮಾನತಿ ಗೌರಮ್ಮನವರು ಹೊಸ ಕನ್ನಡಿಯೆಂದು ನನ್ನ ಮೂಗಿನ ಎದುರೇ ನಿಂತು ಹಲ್ಲು ಕಿರಿದು, ಸಂದಿನಲ್ಲಿ ಸಿಕ್ಕಿದ್ದ ಅಡಿಕೆಚೂರನ್ನು ಉಗುರಿನಿಂದ ತೆಗೆದುಕೊಂಡು ಹೋದರು. ಧಣಿಗಳು ಈ ಫಿಲ್ಮಿಗೆ ಯಾಕೆ ಮುಗಿಬೀಳುತ್ತಾರೆಂಬುದು ನನಗಾಗ ಅರ್ಥವಾಯಿತು.

ಸಂಜೆಯಾಯಿತು. ಲೈಟ್ ಹಾಕಿದೆ. ಈಗ ಗಾಜಿನಲ್ಲಿ ಓಣಿ ಮಾಯವಾಗಿ ನನ್ನ ಮುಖವೇ ಕಂಡಿತು. ಹಾಗಾದರೆ ಒಳಗಿನಿಂದಲೂ ಕನ್ನಡಿ, ಹೊರಗಿನಿಂದಲೂ ಕನ್ನಡಿ. ಟೂ ವೇ ಅಂದರೆ ಇದೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇನ್ನು ದೆವ್ವದ ತಾಲೀಮು ನಿಶ್ಚಿಂತೆಯಿಂದ ಮಾಡಬಹುದು. ಬನಿಯನ್ನಿನ ಮೇಲೆ ಬಿಳಿ ಪಂಚೆ ಹೊದ್ದೆ. ಕಣ್ಣು ಮೆಳ್ಳೆ ಮಾಡಿ, ನಾಲಗೆ ಚಾಚಿ, ಗಾಜಿಗೆ ಮೂಗು ಒತ್ತಿ ಹೂಂಕರಿಸಿದೆ. ಎರಡು ಸುತ್ತು ಕುಣಿದೆ. ನನಗೇ ಭಾಳ ಮೆಚ್ಚಿಗೆಯಾಯಿತು.

ಬಾಗಿಲು ದೂಡಿಕೊಂಡು ವನಜಾ ಬಂದಳು. ಅವಳ ಬೆನ್ನಿಗೇ ಗೌರಮ್ಮನವರು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಹಣೆಗೆ ಹಿಡಿತುಂಬ ವಿಭೂತಿ ಬಳಿದು, "ಅಮಾಸಿ ಹತ್ರ ಬಂದ್ರ ಹಿಂಗಾಗ್ತದ. ಹೆದರಬ್ಯಾಡ್ರಿ ಮಾಸ್ತರ" ಎಂದರು.

"ಏನೂ ಆಗಿಲ್ಲ, ತಾಲೀಮು ಮಾಡ್ತಿದ್ದೆ," ಎಂದೆ. "ಹೊರಗಿನವರಿಗೆ ಕಾಣೋದಿಲ್ಲ. ಟೂ ವೇ ಫಿಲ್ಮು."

ವನಜಾ ಹೋಗಿ ಲೈಟ್ ಆರಿಸಿದಳು. ಗಾಜಿನಲ್ಲಿ ನನ್ನ ಮುಖವಿದ್ದ ಜಾಗದಲ್ಲಿ, ಬೀದಿದೀಪದ ಬೆಳಕಿನಲ್ಲಿ, ಇಡೀ ಓಣಿ ಎದ್ದು ಬಂತು. ಹೆಂಗಸರು, ಗಂಡಸರು, ಹಾಲಿನವನು, ರಸ್ತೆಬದಿಗೆ ಲಾರಿ ನಿಲ್ಲಿಸಿ ಇಳಿದು ಬಂದಿದ್ದ ಅದಿರಿನ ಡ್ರೈವರು, ಎಲ್ಲರೂ ಗಾಜಿಗೆ ಕಣ್ಣಿಟ್ಟು ನಿಂತಿದ್ದರು. ಲೈಟ್ ಹತ್ತಿದಾಗಿನಿಂದ, ರಾಘು ಹೇಳಿದ್ದ ಪೆಟ್ಟಿಗೆಯ ದೆವ್ವದ ಹಾಗೆ, ನಾನು ಅವರಿಗೆಲ್ಲ ಕಾಣುತ್ತಲೇ ಇದ್ದೆ. ಕಿಟಾರನೆ ಕಿರುಚಿ ಗೌರಮ್ಮನವರ ಹಿಂದೆ ಅಡಗಿದೆ.

ವನಜಾ ಲೈಟ್ ಹಾಕಿದಳು, ಓಣಿ ಹೋಯಿತು. ಆರಿಸಿದಳು, ಬಂತು. ಇನ್ನೊಮ್ಮೆ ಹಾಕಿ ಆರಿಸಿ ನೋಡಿ, ಫಿಲ್ಮಿನ ಅಂಚನ್ನು ಬೆರಳಿನಿಂದ ಸವರಿದಳು. "ಇರ್ಲಿ ಬಿಡ್ರಿ"ಗಾಗಿ ನಾನು ತಲೆ ತಗ್ಗಿಸಿದೆ.

"ಏನೇ ಅನ್ರಿ, ಈ ಸಲ ಸರಿಯಾದ್ದೇ ತಂದೀರಿ" ಎಂದಳು.

ಮದುವೆಯಾದಾಗಿನಿಂದ ಕೇಳಲು ಕಾದಿದ್ದ ಮಾತು ಅದು. ಆಚೆ ನಿಂತಿದ್ದ ಓಣಿಯೂ ಹೌದೆಂದು ತಲೆಯಾಡಿಸಿತು. ಅಂಗಾರ ಅಕ್ಷತೆಯ ಹೊರತು ಏನನ್ನೂ ಕಾಣದ ವೈಷ್ಣವ ಹಣೆಯ ತುಂಬ ವಿಭೂತಿ ಹೊತ್ತು, ಜಾರುತ್ತಿದ್ದ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಆ ಗೌರವವನ್ನು ಸ್ವೀಕರಿಸಿದೆ.