ದೊಡ್ಡವ್ವನ ಮಂಡಿ, ನನ್ನ ಮಿಮಿಕ್ರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಬೀದಿಯ ಹೆಂಗಸರ ಮಂಡಿನೋವು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದು ವಯಸ್ಸಿನಿಂದಲ್ಲ, ಶೀತದಿಂದಲ್ಲ, ನನ್ನಿಂದ. ಯಾರನ್ನು ಕಂಡರೂ ಅವರ ಹಾಗೇ ಮಾಡಿ ತೋರಿಸುವ ಚಟ ನನಗೆ. ಹುಲ್ಲಹಳ್ಳಿ ಬಸ್ಸಿನ ಕಂಡಕ್ಟರ್ ಸೀಟಿ ಊದುವುದು, ನಮ್ಮ ದೊಡ್ಡಪ್ಪ ಬಿಸಿ ಕಾಫಿ ಹೀರುವುದು, ಮೈಕ್ ಕೈಗೆ ಸಿಕ್ಕವರು ಮಾತಿಗೆ ಮುಂಚೆ ಕೆಮ್ಮುವುದು, ಎಲ್ಲವೂ ನನ್ನ ಬತ್ತಳಿಕೆಯಲ್ಲಿವೆ. ಮದುವೆ ಮನೆಗಳಲ್ಲಿ ಇದರಿಂದಲೇ ನನಗೊಂದು ಹೆಸರೂ ಎಲೆಗೊಂದು ಹೆಚ್ಚಿನ ಹೋಳಿಗೆಯೂ ಸಿಗುತ್ತವೆ. ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಂಡಿದ್ದೂ ಉಂಟು. ಅದು ಮಾತ್ರ ಯಾಕೋ ಅಷ್ಟು ನಗು ಬರಿಸಲಿಲ್ಲ.

ನಮ್ಮ ದೊಡ್ಡವ್ವ ಚಿಕ್ಕತಾಯಮ್ಮನಿಗೆ ಮಂಡಿ ಸವೆತ. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದು ಏಳುವಷ್ಟರಲ್ಲಿ ಸುತ್ತಲ ಊರಿನ ದೇವರನ್ನೆಲ್ಲ ಹೆಸರು ಹಿಡಿದು ಕರೆದಿರುತ್ತಿದ್ದಳು. ದೊಡ್ಡಪ್ಪ ಒಂದು ದಿನ ತೀರ್ಪು ಕೊಟ್ಟೇಬಿಟ್ಟ. "ಕಾಲ್ ಕೆಟ್ಟೋದ್ ಮೇಲೆ ಅಸ ಯಾಕೆ? ಗೌರಿ ಹಬ್ಬದೊಳಗೆ ಕೊಟ್ಬುಡದೇಯ." ದೊಡ್ಡವ್ವ ಎದ್ದು ಹೋಗಿ ಹಸುವಿನ ಮೈ ಸವರಿದಳು. ಅವಳ ತವರಿಂದ ಬಂದ ಹಸುವಿನ ಮೊಮ್ಮಗಳು ಅದು. ಸಂಜೆ ಡೇರಿಗೆ ಹಾಲು ಹಾಕಲು ಹೋಗುವುದೆಂದರೆ ಅವಳಿಗೆ ಪೇಪರ್, ಟೀವಿ, ಮಹಿಳಾ ಸಂಘ ಎಲ್ಲವೂ ಒಟ್ಟಿಗೆ. ಹಸು ಹೋದರೆ ಅವಳಿಗೆ ಉಳಿಯುವುದು ಮಂಡಿ ಮತ್ತು ದೊಡ್ಡಪ್ಪ, ಎರಡೂ ನೋವೇ.

ಅಷ್ಟರಲ್ಲಿ ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಮಂಡಿನೋವಿನವರಿಗೆ ಕ್ಲಾಸು ನಡೆಯುತ್ತದೆಂದು ಗೊತ್ತಾಯಿತು. ದೊಡ್ಡವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಪಾಠ ಮಾಡುವವರು ಟಿ. ನರಸೀಪುರದ ಕಡೆಯ ಫಿಸಿಯೋಥೆರಪಿ ಮೇಡಂ, ನನ್ನದೇ ವಯಸ್ಸು, ಗಂಟಲು ಮಾತ್ರ ಹೆಡ್‌ಮಾಸ್ಟರದು. ನೆರೆದಿದ್ದ ಹೆಂಗಸರು ಆಗಲೇ ರವಿಕೆಯ ತೋಳು ಮೇಲೇರಿಸಿಕೊಂಡು ಕೂತಿದ್ದರು. "ಎಲ್ ಮೇಡಮ್ಮೋರೆ, ಇಂಜೆಕ್ಸನ್ನು?" ಎಂದಳು ಒಬ್ಬಳು. "ಇಂಜೆಕ್ಷನ್ ಇಲ್ಲಮ್ಮ, ಕುರ್ಚಿ ಇದೆ. ಕೂತು ಏಳಿ" ಎಂದರು ಮೇಡಂ. ನೋವಿದೆ ಎಂದು ಮೂಲೆ ಹಿಡಿದರೆ ತೊಡೆಯ ಸ್ನಾಯು ಸೊರಗುತ್ತದೆ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಮಾರನೆ ದಿನಕ್ಕೆ ಇಳಿಯದಿದ್ದರೆ ಬಂದು ಹೇಳಿ ಎಂದೆಲ್ಲ ಬಿಡಿಸಿ ಹೇಳಿದರು. ಆಮೇಲೆ ಕುರ್ಚಿಯಿಂದ ಹೇಗೆ ಏಳಬಾರದು ಎಂದು ಮಾಡಿ ತೋರಿಸಿದರು: ಮಂಡಿ ಎರಡೂ ಒಳಕ್ಕೆ ತಾಗಿ, ಸೊಂಟ ತಿರುಚಿ, ಧಡಕ್ಕನೆ ಎದ್ದು ಧೊಪ್ಪನೆ ಕೂರುವುದು. ಅದರ ನಂತರ ಸರಿಯಾದ ಕ್ರಮವನ್ನೂ ತೋರಿಸಿದರು. ಆದರೆ ಅಷ್ಟು ಹೊತ್ತಿಗೆ ನನ್ನೊಳಗಿನ ಕಲಾವಿದ ಮೊದಲನೆಯದಕ್ಕೇ ಮರುಳಾಗಿಬಿಟ್ಟಿದ್ದ. ಆ ಧಡಕ್, ಆ ಧೊಪ್, ಎಂಥ ಐಟಂ ಅದು.

ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರೆಲ್ಲ, "ಮೇಡಮ್ಮ ಏನ್ ಯೋಳ್ಕೊಟ್ರು, ಮಾಡ್ ತೋರ್ಸ್ಲಾ" ಎಂದರು. ಸಾಲದೆಂಬಂತೆ ಬೆಂಚೊಂದು ಅಲ್ಲೇ ಇತ್ತು. ಮೇಡಂ ಗಂಟಲಲ್ಲೇ "ಅಮ್ಮ, ಗಮನ ಇಲ್ಲಿ" ಎಂದು ಶುರುಮಾಡಿ ಧಡಕ್ ಎಂದು ಎದ್ದೆ, ಧೊಪ್ ಎಂದು ಕೂತೆ. ಜನ ಬಿದ್ದು ಬಿದ್ದು ನಕ್ಕರು. ಒನ್ಸ್ ಮೋರ್ ಬೇರೆ. ಅದು ಮಾಡಬಾರದ ಭಂಗಿ ಎನ್ನುವ ಸಣ್ಣ ವಿಷಯವೊಂದು ಚಪ್ಪಾಳೆಯ ಸದ್ದಿನಲ್ಲಿ ನನಗೇ ಮರೆತುಹೋಗಿತ್ತು. ಕ್ಲಾಸಿನಲ್ಲಿ ಹಸುವಿನ ಚಿಂತೆಯಲ್ಲೇ ಕೂತಿದ್ದ ದೊಡ್ಡವ್ವನಿಗೂ ನೆನಪಲ್ಲಿ ಉಳಿದದ್ದು ನನ್ನ ಪಾಠವೇ. ಮಾರನೆಯ ದಿನದಿಂದ ಬೀದಿಯ ತುಂಬ ಧಡಕ್, ಧೊಪ್.

ವಾರ ಕಳೆಯುವಷ್ಟರಲ್ಲಿ ಎಲ್ಲರೂ ಗೋಡೆ ಹಿಡಿದು ಓಡಾಡುತ್ತಿದ್ದರು. "ನಾನ್ ಯೋಳ್ಲಿಲ್ವಾ, ಎಕ್ಸಸೈಜು ಅನ್ನೋದು ಕೆಲ್ಸ ಇಲ್ದೋರ್ ಕೆಲ್ಸ" ಎಂದು ದೊಡ್ಡಪ್ಪ ಹೆಡತಲೆ ಊರಿನ ದನದ ದಲ್ಲಾಳಿಗೆ ಫೋನು ಮಾಡಿದ. ಮುಂದಿನ ಕ್ಲಾಸಿಗೆ ದೊಡ್ಡವ್ವನ ಜೊತೆ ಬೀದಿಯ ಹೆಂಗಸರನ್ನೂ ಆಟೋದಲ್ಲಿ ತುಂಬಿಕೊಂಡು ಹೋಗಿ ಮೇಡಂ ಮುಂದೆ ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಐಟಂ ಅನ್ನು ಪೂರ್ತಿ ಮಾಡಿಸಿ ನೋಡಿದರು. ನಗಲಿಲ್ಲ. "ಚೆನ್ನಾಗಿ ಮಾಡ್ತೀರ. ನಾನು ಬೇಡ ಅಂದಿದ್ದನ್ನ ಇಷ್ಟು ಚೆನ್ನಾಗಿ ಯಾರೂ ಕಲಿತಿರಲಿಲ್ಲ" ಎಂದರು.

ಆಮೇಲೆ ನಿಜವಾದ ಪಾಠ ನಡೆಯಿತು. ಪಾದ ಹಿಂದಕ್ಕೆ, ಮಂಡಿ ಅಗಲಕ್ಕೆ, ಎದೆ ಮುಂದಕ್ಕೆ, ನಿಧಾನವಾಗಿ ಏಳುವುದು, ಅದಕ್ಕಿಂತ ನಿಧಾನವಾಗಿ ಕೂರುವುದು. ಜೊತೆಗೆ ಹಾಲು ಕರೆಯಲು ಕುಕ್ಕರುಗಾಲು ಬೇಡ, ಸ್ಟೂಲ್ ಇಟ್ಟುಕೊಳ್ಳಿ ಎಂದರು. ಹಸುವಿನ ಮುಂದೆ ಸ್ಟೂಲಿನ ಮೇಲೆ ಕೂರುವುದೇ? "ಆಪೀಸರಮ್ಮ ಆಲ್ ಕರೀತಾವ್ಳೆ" ಎಂದು ಬೀದಿಯೇ ನಕ್ಕಿತು. ಹಸುವೂ ಮೊದಲ ದಿನ ತಿರುಗಿ ತಿರುಗಿ ನೋಡಿತು. ದೊಡ್ಡವ್ವ ಯಾರಿಗೂ ಸೊಪ್ಪು ಹಾಕಲಿಲ್ಲ. ನೋವೇನೂ ಮಾಯವಾಗಲಿಲ್ಲ, ಅದರ ಜೋರು ಇಳಿಯಿತು. ದೇವರುಗಳಿಗೂ ಬಿಡುವು ಸಿಕ್ಕಿತು.

ಹಬ್ಬದ ಹಿಂದಿನ ವಾರ ದಲ್ಲಾಳಿ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದೇಬಿಟ್ಟ. ದೊಡ್ಡವ್ವ ಹಾಲು ಕರೆಯುವುದು ಮುಗಿಸಿ, ತುಂಬಿದ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ಯಾವುದಕ್ಕೂ ಕೈ ಊರದೆ ಸ್ಟೂಲಿನಿಂದ ಎದ್ದು ನಿಂತಳು. ದೊಡ್ಡಪ್ಪ ಮಾತ್ರ ಸೋಲಲಿಲ್ಲ. "ಇವತ್ತೇನೋ ಎದ್ದವ್ಳೆ. ನಾಳೀಕೆ ಕಾಲು ನಿಂತೋದ್ರೆ?" ಎಂದ. "ಏಳೋದೇನ್ ಮಹಾ ದೊಡ್ಡಪ್ಪ, ಇಲ್ನೋಡು" ಎಂದು ನಾನು ಅವಳ ಪರ ವಕಾಲತ್ತಿಗೆ ಸ್ಟೂಲಿನ ಮೇಲೆ ಕೂತೆ. ಏಳಹೋದರೆ ಮಂಡಿ ಲಟ್ ಎಂದಿತು, ತೊಡೆ ನಡುಗಿತು. ಕೊನೆಗೆ ದಲ್ಲಾಳಿಯ ಪಂಚೆ ಹಿಡಿದುಕೊಂಡು ಎದ್ದೆ. ಹಸುವಿನ ವ್ಯಾಪಾರ ಅಲ್ಲಿಗೇ ಮುಗಿಯಿತು. ಮುಗಿಸಿದ್ದು ದೊಡ್ಡವ್ವ ದಲ್ಲಾಳಿಗೆ ಹೇಳಿದ ಮಾತು:

"ಅಸವ ಬುಟ್ಬುಡಪ್ಪ. ಕಾಲ್ ನೆಟ್ಗಿಲ್ದೋರ್ನ ಮಾರ್ಲೇಬೇಕು ಅನ್ನೋದಾದ್ರೆ, ಆ ಅಗ್ಗವ ಇವನಿಗಾಕ್ಕೊಂಡೋಗು. ಮೇವು ಜಾಸ್ತಿ, ಆಲ್ ಮಾತ್ರ ಕೊಡಕಿಲ್ಲ."